ತಂತಿ ಬರುವವರೆಗೆ ಅಂತ ಬಂದ ಫ್ರೆಂಚ್ ಡೀಸೆಲ್ ಲೋಕೋಗಳು

ಫ್ರಾನ್ಸಿನ ರೈಲು ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ಟಿಜಿವಿ, ಅಲ್ಲಿನ ಹೈಸ್ಪೀಡ್ ರೈಲು. ತಪ್ಪೇನಿಲ್ಲ. ಆದರೆ ನನಗೆ ಆ ದೇಶದ ರೈಲುಗಳಲ್ಲಿ ಹುಚ್ಚು ಹಿಡಿಸಿದ್ದು ಡೀಸೆಲ್ ಲೋಕೋಗಳು. ಅಲ್ಲಿ ಡೀಸೆಲ್ಲಿಗೆ ಯಾವತ್ತೂ ಮೊದಲ ಮಣೆ ಸಿಗಲಿಲ್ಲ. ಉಗಿ ಹೋಗಬೇಕು, ಕರೆಂಟು ಬರಬೇಕು, ನಡುವೆ ಒಂದಷ್ಟು ವರ್ಷ ಗಾಡಿ ಎಳೆಯಲು ಏನಾದರೂ ಬೇಕಲ್ಲ, ಅದಕ್ಕೆ ಡೀಸೆಲ್. ಲೆಕ್ಕ ಇದ್ದದ್ದು ಇಷ್ಟೇ. ಹಾಗೆ ಬಂದವುಗಳಲ್ಲಿ ಕೆಲವು ಐವತ್ತು ವರ್ಷ ದುಡಿದವು. ಅದಕ್ಕಿಂತ ಜಾಸ್ತಿ ನನ್ನನ್ನು ಸೆಳೆದದ್ದು, ತಾತ್ಕಾಲಿಕ ಅಂತ ಗೊತ್ತಿದ್ದೂ ಆ ಎಂಜಿನಿಯರ್‌ಗಳು ಅವುಗಳಿಗಾಗಿ ಓಡಿಸಿದ ತಲೆ.

ಮೊದಲ ದೊಡ್ಡ ಪ್ರಯತ್ನ ನಡೆದದ್ದು 1930ರ ದಶಕದ ಕೊನೆಗೆ. ಆಗ ಪ್ಯಾರಿಸ್, ಲಿಯೋಂ, ಮೆಡಿಟರೇನಿಯನ್ ತೀರ ಇವನ್ನು ಜೋಡಿಸುತ್ತಿದ್ದ ಪಿಎಲ್‌ಎಂ ಕಂಪನಿ ಎರಡು ದೈತ್ಯ ಲೋಕೋಗಳನ್ನು ಮಾಡಿಸಿತು. ಒಂದಕ್ಕೆ ಸ್ವಿಸ್ ಸುಲ್ಜರ್ ಎಂಜಿನ್, ಇನ್ನೊಂದಕ್ಕೆ ಜರ್ಮನಿಯ ಮ್ಯಾನ್ ಎಂಜಿನ್. ಬೆನ್ನಿಗೆ ಬೆನ್ನು ಜೋಡಿಸಿದ ಎರಡೆರಡು ಭಾಗ, ಒಟ್ಟು ನಾಲ್ಕು ಸಾವಿರ ಅಶ್ವಶಕ್ತಿ ಮೀರಿದ ಬಲ. ದಕ್ಷಿಣದ ಕಡಲತೀರಕ್ಕೆ ಹೋಗುವ ದೂರದ ಎಕ್ಸ್‌ಪ್ರೆಸ್‌ಗಳನ್ನು ಎಳೆಸುವ ಆಸೆ ಅದು. ಅಷ್ಟರಲ್ಲಿ 1938ರ ಜನವರಿ 1ಕ್ಕೆ ಎಲ್ಲ ದೊಡ್ಡ ಕಂಪನಿಗಳೂ ಸೇರಿ ಎಸ್‌ಎನ್‌ಸಿಎಫ್ ಎಂಬ ರಾಷ್ಟ್ರೀಯ ರೈಲ್ವೆ ಆಯಿತು. ಹಿಂದೆಯೇ ಯುದ್ಧ ಬಂತು, ಎಣ್ಣೆ ಸಿಗುವುದೇ ಕಷ್ಟವಾಯಿತು. ಆ ಎರಡೂ ಒಂಟಿಯಾಗಿಯೇ ಉಳಿದವು.

ಯುದ್ಧ ಮುಗಿದಾಗ ಹಳಿ, ಸೇತುವೆ, ಲೋಕೋ ಎಲ್ಲವೂ ಹಾಳಾಗಿದ್ದವು. ಗಾಡಿ ಓಡಲೇಬೇಕಿತ್ತು. ಅಮೆರಿಕ ಮತ್ತು ಕೆನಡಾದ ಕಾರ್ಖಾನೆಗಳಿಗೆ 141ಆರ್ ಎಂಬ ಉಗಿ ಲೋಕೋಗಳಿಗೆ ಆರ್ಡರ್ ಹೋಯಿತು, ಅದೂ 1,340! ಅದೇ ಕಾಲಕ್ಕೆ ಬಾಲ್ಡ್ವಿನ್ ಕಂಪನಿಯಿಂದ 100 ಡೀಸೆಲ್ ಲೋಕೋಗಳೂ ಹಡಗು ಹತ್ತಿ ಬಂದವು, ಎ1ಎ-ಎ1ಎ 62000 ಎಂಬ ಸಾಲು. ಈ ಅಕ್ಷರಗಳು ಮುಂದೆಯೂ ಬರುತ್ತವೆ, ಇಲ್ಲೇ ಹೇಳಿಬಿಡುತ್ತೇನೆ. ಲೋಕೋದ ಕೆಳಗೆ ಹಿಂದೊಂದು ಮುಂದೊಂದು ಗಾಲಿ ಚೌಕಟ್ಟು ಇರುತ್ತದೆ. ಬಿಬಿ ಅಂದರೆ ಪ್ರತಿ ಚೌಕಟ್ಟಿನಲ್ಲೂ ಎರಡೆರಡು ಅಚ್ಚು, ಎರಡಕ್ಕೂ ಬಲ. ಸಿಸಿ ಅಂದರೆ ಮೂರು ಮೂರು. ಎ1ಎ ಅಂದರೆ ಮೂರು ಅಚ್ಚುಗಳಲ್ಲಿ ನಡುವಿನದ್ದು ಸುಮ್ನೆ ಭಾರ ಹೊರಲು, ಅದಕ್ಕೆ ಮೋಟಾರಿಲ್ಲ.

ಹಣ ಮಾತ್ರ ಹರಿದದ್ದು ಕರೆಂಟಿನ ಕಡೆಗೆ. ಎಸ್‌ಎನ್‌ಸಿಎಫ್‌ನ ಎಂಜಿನಿಯರ್ ಲೂಯಿ ಆರ್ಮಾನ್ ಬೆನ್ನು ಬಿದ್ದು ಬೆಳೆಸಿದ 25 ಕಿಲೋವೋಲ್ಟ್ ಎಸಿ ವ್ಯವಸ್ಥೆ 1954ರ ಹೊತ್ತಿಗೆ ಉತ್ತರದ ವಲಾನ್ಸಿಯೆನ್–ತಿಯೊನ್ವಿಲ್ ಮಾರ್ಗದಲ್ಲಿ ಭಾರೀ ಗೂಡ್ಸ್ ಎಳೆಯುತ್ತಿತ್ತು. ಹಳಿಯ ಮೇಲೆ ಕರೆಂಟ್ ತಂತಿ ಹಾಕುವುದು ಅಗ್ಗವಾಯಿತು, ಹಾಗಾಗಿ ಜಾಸ್ತಿ ಮಾರ್ಗಗಳಿಗೆ ತಂತಿ. ಡೀಸೆಲ್ಲಿಗೆ ಮೊದಲು ಸಿಕ್ಕಿದ್ದು ಯಾರ್ಡಿನ ಶಂಟಿಂಗ್ ಮತ್ತು ಸಣ್ಣ ಗೂಡ್ಸ್ ಕೆಲಸ. ಬ್ರಿಸೊನೊ ಎ ಲೋಟ್ಸ್ ಕಂಪನಿಯ ಬಿಬಿ 63000 ಬಂದದ್ದು 1953ರಲ್ಲಿ. ಅದರ ತಮ್ಮ ಬಿಬಿ 63500 ಅನ್ನು 1956ರಿಂದ 1971ರವರೆಗೆ ಕಟ್ಟಿದರು, ಒಟ್ಟು 580. ಒಂದು ಕಡೆ ಉದ್ದ ಮೂತಿ, ಇನ್ನೊಂದು ಕಡೆ ಗಿಡ್ಡ ಮೂತಿ, ನಡುವೆ ಚಾಲಕನ ಕ್ಯಾಬಿನ್. ನೋಡಲು ಚೆಂದವೇನಲ್ಲ. ಆದರೆ ಗಟ್ಟಿ ಅಂದರೆ ಗಟ್ಟಿ. ಪೋರ್ಚುಗಲ್, ಯುಗೊಸ್ಲಾವಿಯಗಳಲ್ಲೂ ಇದರ ಬಂಧುಗಳು ಓಡಿದವು.

ಮುಖ್ಯ ಮಾರ್ಗಕ್ಕೆ ಬಿಬಿ 66000 ಬಂದದ್ದು 1960ರಲ್ಲಿ. ಇಲ್ಲಿ ಒಂದು ಸಮಸ್ಯೆ ಎದುರಾಯಿತು, ಇದನ್ನು ಓದುವವರೆಗೂ ನನಗೆ ಹೊಳೆದೇ ಇರಲಿಲ್ಲ. ಚಳಿಗಾಲದಲ್ಲಿ ಪ್ರಯಾಣಿಕರ ಡಬ್ಬಿಗಳನ್ನು ಬೆಚ್ಚಗಿಡುವುದು ಹೇಗೆ? ಉಗಿ ಲೋಕೋ ಇದ್ದಾಗ ಅದರದ್ದೇ ಉಗಿಯನ್ನು ಪೈಪಿನಲ್ಲಿ ಹಿಂದಿನ ಡಬ್ಬಿಗಳಿಗೆ ಬಿಡುತ್ತಿದ್ದರು. ಡೀಸೆಲ್ ಲೋಕೋದಲ್ಲಿ ಉಗಿಯೇ ಇಲ್ಲ, ಡಬ್ಬಿಗಳಿಗೆ ಕರೆಂಟು ಕೊಡುವ ಏರ್ಪಾಡೂ 66000ರಲ್ಲಿ ಇಲ್ಲ. ಅದಕ್ಕೆ ಅವರು ಮಾಡಿದ್ದು, ಲೋಕೋದ ಹಿಂದೆ ಬಾಯ್ಲರ್ ಇಟ್ಟ ಒಂದು ವ್ಯಾನ್ ಜೋಡಿಸುವುದು. ಅಂದರೆ ಉಗಿಯನ್ನು ಓಡಿಸಲು ಬಂದ ಡೀಸೆಲ್ ತನ್ನ ಬೆನ್ನಿಗೆ ಒಂದು ಉಗಿ ಬಾಯ್ಲರನ್ನೇ ಕಟ್ಟಿಕೊಂಡು ಓಡಾಡಬೇಕಾಯಿತು. ಆ ವ್ಯಾನಿನ ತೂಕವೂ ಲೋಕೋದ ಮೇಲೆಯೇ ತಾನೆ.

1963ರಿಂದ ಬಂದ ಬಿಬಿ 67000ಕ್ಕೂ ಮೊದಮೊದಲು ಇದೇ ಗತಿ. ಇದಕ್ಕೆ ಪರಿಹಾರ ಸಿಕ್ಕಿದ್ದು ಬೇರೆ ದಾರಿಯಿಂದ. ಇಂಥ ಡೀಸೆಲ್ ಲೋಕೋದಲ್ಲಿ ಎಂಜಿನ್ ನೇರವಾಗಿ ಗಾಲಿ ತಿರುಗಿಸುವುದಿಲ್ಲ, ಅದು ತಿರುಗಿಸುವುದು ಒಂದು ಜನರೇಟರನ್ನು, ಆ ಕರೆಂಟಿನಿಂದ ಕೆಳಗಿನ ಮೋಟಾರುಗಳು ಓಡುತ್ತವೆ. ಹಳೆಯ ಡಿಸಿ ಜನರೇಟರ್ ಭಾರ, ಬ್ರಷ್ ಸವೆಯುತ್ತದೆ, ಬಲ ಜಾಸ್ತಿಯಾದಷ್ಟೂ ತಲೆನೋವು. 1960ರ ದಶಕದಲ್ಲಿ ಸಿಲಿಕಾನ್ ರೆಕ್ಟಿಫೈಯರ್ ಕೈಗೆ ಬಂದ ಮೇಲೆ ಮೂರು ಫೇಸಿನ ಆಲ್ಟರ್ನೇಟರ್ ಹಾಕಿ, ಅದರ ಕರೆಂಟನ್ನು ಡಿಸಿಗೆ ತಿರುಗಿಸಿ ಮೋಟಾರಿಗೆ ಕೊಡಲು ಶುರು ಮಾಡಿದರು. ಹಗುರವೂ ಆಯಿತು, ಡಬ್ಬಿಗಳನ್ನು ಬಿಸಿ ಮಾಡುವ ಕರೆಂಟನ್ನೂ ಅಲ್ಲಿಂದಲೇ ತೆಗೆಯಬಹುದಾಯಿತು. ಬಿಬಿ 67300 ಮತ್ತು 67400 ಹೀಗೆ ಬಂದವು. 67400 ಒಂದರಲ್ಲೇ 232 ಲೋಕೋ, 1969ರಿಂದ 1975ರವರೆಗೆ. ಬಾಯ್ಲರ್ ವ್ಯಾನಿನ ಕಾಟ ಅಲ್ಲಿಗೆ ತಪ್ಪಿತು.

ಈ 67000 ಕುಟುಂಬದ ಒಳಗಿರುವುದು ಪೀಲ್‌ಸ್ಟಿಕ್ ಎಂಜಿನ್, ಹದಿನಾರು ಸಿಲಿಂಡರಿನದ್ದು. ಗುಸ್ಟಾಫ್ ಪೀಲ್‌ಸ್ಟಿಕ್ ಜರ್ಮನಿಯ ಮ್ಯಾನ್ ಕಂಪನಿಯಲ್ಲಿ ಜಲಾಂತರ್ಗಾಮಿಗಳ ಎಂಜಿನ್ ಮಾಡುತ್ತಿದ್ದವರು. ಯುದ್ಧದ ನಂತರ ಫ್ರಾನ್ಸಿಗೆ ಬಂದು, ಅಲ್ಲಿನ ಎಸ್‌ಇಎಂಟಿ ಸಂಸ್ಥೆಗೆ ಎಂಜಿನ್ ವಿನ್ಯಾಸ ಮಾಡಿದರು. ಫ್ರೆಂಚ್ ನೌಕಾಪಡೆಯ ಅಗೋಸ್ತಾ ಜಲಾಂತರ್ಗಾಮಿಗಳಲ್ಲಿ ಇದ್ದದ್ದೂ ಇದೇ ಪಿಎ4 ಎಂಜಿನ್ ಕುಟುಂಬವೇ. ಕಲೇಯಿಂದ ಅಮಿಯಾಂಗೆ ಎಕ್ಸ್‌ಪ್ರೆಸ್ ಎಳೆಯುತ್ತಿದ್ದ ಲೋಕೋಗೂ ಸಮುದ್ರದಡಿ ಓಡಾಡುತ್ತಿದ್ದ ಹಡಗಿಗೂ ಒಂದೇ ವಂಶದ ಎಂಜಿನ್. ನನಗಂತೂ ಇದು ತುಂಬ ಹಿಡಿಸಿದ ಸಂಗತಿ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಬೇರೆ ದೇಶಗಳಲ್ಲಿ ಸಾಮಾನ್ಯವಾಗಿ ಒಂದೊಂದು ಅಚ್ಚಿಗೆ ಒಂದೊಂದು ಮೋಟಾರು. ಸಿಸಿ ಲೋಕೋ ಅಂದರೆ ಆರು ಮೋಟಾರು. ಫ್ರೆಂಚರು ಹಾಗೆ ಮಾಡಲಿಲ್ಲ. ಒಂದು ಗಾಲಿ ಚೌಕಟ್ಟಿಗೆ ಒಂದೇ ದೊಡ್ಡ ಮೋಟಾರು ಕೂರಿಸಿ, ಹಲ್ಲುಚಕ್ರಗಳ ಸಾಲಿನಿಂದ ಎಲ್ಲ ಅಚ್ಚುಗಳನ್ನೂ ಅದಕ್ಕೇ ಕಟ್ಟಿಹಾಕಿದರು. ಮಳೆಯಲ್ಲಿ, ಎಲೆ ಬಿದ್ದ ಹಳಿಯ ಮೇಲೆ ಬಿಡಿ ಮೋಟಾರಿನ ಅಚ್ಚು ಒಂದೇ ಜಾರಿ ಗಿರ್ರನೆ ತಿರುಗಿಬಿಡುತ್ತದೆ. ಇಲ್ಲಿ ಹಾಗಾಗುವ ಹಾಗಿಲ್ಲ. ಒಂದು ಜಾರಬೇಕಾದರೆ ಅದರ ಜೊತೆಯವೂ ಜಾರಬೇಕು. ಹಾಗಾಗಿ ಹಿಡಿತ ಜಾಸ್ತಿ. ಇಷ್ಟೇ ಅಲ್ಲ. ಒಂದೇ ಮೋಟಾರು ಇರುವುದರಿಂದ ಎರಡು ಗೇರ್ ಇಡಬಹುದು, ಒಂದು ಗೂಡ್ಸಿಗೆ, ಇನ್ನೊಂದು ಪ್ಯಾಸೆಂಜರಿಗೆ. ಆಲ್‌ಸ್ಟಮ್ ಕಂಪನಿ ಇದನ್ನು 1958ರಲ್ಲಿ ಬಿಬಿ 16500 ಎಂಬ ಕರೆಂಟ್ ಲೋಕೋದಲ್ಲಿ ಮಾಡಿ ತೋರಿಸಿತ್ತು, ಆಮೇಲೆ ಡೀಸೆಲ್ಲಿಗೂ ತಂದರು.

ಇದರ ತುತ್ತತುದಿ ಸಿಸಿ 72000. ನನ್ನ ಮಟ್ಟಿಗೆ ಫ್ರಾನ್ಸಿನ ಅತ್ಯುತ್ತಮ ಡೀಸೆಲ್ ಇದೇ, ಬೇರೆಯವರು ಏನೇ ಹೇಳಲಿ. 1967ರಿಂದ 1974ರವರೆಗೆ 92 ಕಟ್ಟಿದರು. ಸುಮಾರು 114 ಟನ್ ತೂಕ, ಹದಿನಾರು ಸಿಲಿಂಡರಿನ ಎಜಿಒ ಎಂಜಿನ್, 3,550 ಅಶ್ವಶಕ್ತಿ, ಇಷ್ಟೆಲ್ಲ ಇದ್ದೂ ಕೆಳಗೆ ಇರುವುದು ಬರೀ ಎರಡು ಮೋಟಾರು! ಗಾಡಿ ನಿಂತಿರುವಾಗ ಗೇರ್ ಬದಲಿಸಬೇಕು. ಸಣ್ಣ ಗೇರಿನಲ್ಲಿ ಗಂಟೆಗೆ 85 ಕಿಲೋಮೀಟರ್ ಮೀರುವಂತಿಲ್ಲ, ಆದರೆ ಉದ್ದನೆಯ ಗೂಡ್ಸ್ ಏರು ಹತ್ತುತ್ತದೆ. ದೊಡ್ಡ ಗೇರಿಗೆ ಹಾಕಿದರೆ ಅದೇ ಲೋಕೋ ಎಕ್ಸ್‌ಪ್ರೆಸ್ ಹಿಡಿದು 140ಕ್ಕೆ, ನಂತರದ ಲೋಕೋಗಳಾದರೆ 160ಕ್ಕೆ ಹೋಗುತ್ತದೆ. ರಾತ್ರಿ ಗೂಡ್ಸ್, ಬೆಳಗ್ಗೆ ಎಕ್ಸ್‌ಪ್ರೆಸ್, ಒಂದೇ ಯಂತ್ರ. ಲೋಕೋಗಳ ಸಂಖ್ಯೆಯನ್ನು ಕಮ್ಮಿ ಇಟ್ಟುಕೊಂಡು ಎರಡೂ ಕೆಲಸ ಮಾಡಿಸಿಕೊಳ್ಳುವ ಉಪಾಯ ಅದು, ತಂತಿ ಬಂದ ಮೇಲೆ ಬೇಡವಾಗುವ ಯಂತ್ರಕ್ಕೆ ಇದಕ್ಕಿಂತ ಜಾಣ ಲೆಕ್ಕ ಇದೆಯಾ?

ಮುಖ ನೋಡಿದರೆ ಒಮ್ಮೆಗೇ ಗುರುತು ಹತ್ತುತ್ತದೆ. ಎದುರಿನ ಗಾಜು ಮೇಲಿನಿಂದ ಕೆಳಕ್ಕೆ ಒಳಮುಖವಾಗಿ ವಾಲಿದೆ, ಅದರ ಕೆಳಗೆ ಮೂತಿ ಮತ್ತೆ ಮುಂದಕ್ಕೆ ಚಾಚಿದೆ. ಓಟ ಶುರು ಮಾಡುವಾಗ ಓಟಗಾರ ಮುಂದಕ್ಕೆ ಬಾಗಿದ ಹಾಗೆ. ಫ್ರಾನ್ಸಿನಲ್ಲಿ ಇದನ್ನು ಮುರಿದ ಮೂಗು ಅಂತ ಕರೆಯುತ್ತಾರೆ. ಬರೆದವರು ಪೋಲ್ ಆರ್ಝೆನ್ಸ್, ಚಿತ್ರಕಲೆಯಿಂದ ಬಂದ ವಿನ್ಯಾಸಗಾರ. 1942ರಲ್ಲಿ ಮೊಟ್ಟೆಯಂತಿದ್ದ ಕರೆಂಟ್ ಕಾರು ಮಾಡಿದವರೂ ಅವರೇ. ಗಾಜು ಹಾಗೆ ವಾಲಿರುವುದರಿಂದ ಚಾಲಕನ ಕಣ್ಣಿಗೆ ಬೆಳಕು ಹೊಡೆಯುವುದು ಕಮ್ಮಿ. ಚೆಂದವೂ ಹೌದು, ಉಪಯೋಗವೂ ಹೌದು.

ಈ ಲೋಕೋಗಳ ಹೆಸರು ಹೇಳಿದರೆ ನೆನಪಾಗುವ ಮಾರ್ಗ ಪ್ಯಾರಿಸ್‌ನ ಪೂರ್ವ ನಿಲ್ದಾಣದಿಂದ ತ್ರುವಾ, ಶೋಮೋಂ, ವೆಝೂಲ್, ಬೆಲ್ಫೋರ್, ಮುಲೂಸ್ ದಾಟಿ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗುವುದು. ಅಷ್ಟು ಉದ್ದದ ಮಾರ್ಗ, ಅದರ ಬಹುಭಾಗಕ್ಕೆ ತಂತಿ ಮಾತ್ರ ಬರಲೇ ಇಲ್ಲ. ಮೊದಲು ಸುಲ್ಜರ್ ಎಂಜಿನ್ನಿನ ಎ1ಎ-ಎ1ಎ 68000 ಇಲ್ಲಿಂದ ಉಗಿಯನ್ನು ಓಡಿಸಿದವು, ಆಮೇಲೆ 72000 ಬಂದವು. 72000 ಹುಟ್ಟಿದ್ದು ಬೆಲ್ಫೋರಿನ ಆಲ್‌ಸ್ಟಮ್ ಕಾರ್ಖಾನೆಯಲ್ಲಿ, ಅದರ ಎಂಜಿನ್ ಮುಲೂಸಿನದ್ದು. ಎರಡೂ ಊರು ಇದೇ ಹಳಿಯ ಮೇಲಿವೆ. ಶೋಮೋಂನಲ್ಲಿ 1857ರ ಕಲ್ಲಿನ ಸೇತುವೆ ಇದೆ, ಐವತ್ತು ಕಮಾನು, 600 ಮೀಟರ್ ಉದ್ದ. ಅದರ ಮೇಲೆ ನೀಲಿ ಲೋಕೋ ಡಬ್ಬಿಗಳನ್ನು ಎಳೆದುಕೊಂಡು ಹೋಗುವ ವಿಡಿಯೋಗಳನ್ನು ಹೆಡ್‌ಫೋನ್ ಹಾಕಿ ನೋಡಿ. ನಿಲ್ದಾಣ ಬಿಡುವಾಗ ಮೊದಲು ಒಂದು ದಪ್ಪ ಗುಡುಗು, ಮೇಲಿನಿಂದ ಕಪ್ಪು ಹೊಗೆ ಭುಗ್ಗನೆ ಏಳುತ್ತದೆ, ನಂತರ ಟರ್ಬೋ ಶಿಳ್ಳೆ ನಿಧಾನಕ್ಕೆ ಏರುತ್ತಾ ಏರುತ್ತಾ ಗುಡುಗಿನ ಮೇಲೆ ಕೂರುತ್ತದೆ. ನಾನು ಎಷ್ಟು ಸಲ ಕೇಳಿದರೂ ಸಾಕಾಗಿಲ್ಲ.

ಆ ಹೊಗೆಯನ್ನು ಎಲ್ಲರೂ ನನ್ನ ಹಾಗೆ ಮೆಚ್ಚಲಿಲ್ಲ, ಅದೂ ಸರಿಯೇ. ಊರ ನಡುವಿನ ನಿಲ್ದಾಣದ ಪಕ್ಕ ಮನೆ ಇರುವವರು ಅದನ್ನು ಯಾಕೆ ಸಹಿಸಬೇಕು? 2000ದ ದಶಕದ ಆರಂಭದಲ್ಲಿ 30 ಲೋಕೋಗಳಿಗೆ ಹಳೆಯ ಎಂಜಿನ್ ಕಿತ್ತು ಪೀಲ್‌ಸ್ಟಿಕ್‌ನ ಪಿಎ6 ಕೂರಿಸಿದರು. ಸಿಸಿ 72100 ಅಂತ ಹೊಸ ನಂಬರ್. ಹೊಗೆ ಕಮ್ಮಿಯಾಯಿತು, ಬಾಸೆಲ್ ಕಡೆಯ ಮಾರ್ಗದಲ್ಲಿ ಇನ್ನೂ ಹತ್ತು ವರ್ಷಕ್ಕೂ ಮೇಲೆ ಓಡಿದವು.

ಟಿಜಿವಿಗೂ ಡೀಸೆಲ್ಲಿಗೂ ಇರುವ ನಂಟು ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. 1981ರಲ್ಲಿ ಪ್ಯಾರಿಸ್–ಲಿಯೋಂ ಹೈಸ್ಪೀಡ್ ಮಾರ್ಗ ತೆರೆಯುವ ಹೊತ್ತಿಗೆ ಒಂದು ಪ್ರಶ್ನೆ ಇತ್ತು. ತಂತಿಯಲ್ಲಿ ಕರೆಂಟೇ ಹೋದರೆ, ಹೊಲದ ನಡುವೆ ನಿಂತ ಟಿಜಿವಿಯನ್ನು ತರುವವರು ಯಾರು? ಬಿಬಿ 67000ಗಳಲ್ಲಿ 80ನ್ನು ಆರಿಸಿ, ಹೈಸ್ಪೀಡ್ ಮಾರ್ಗದ ಕ್ಯಾಬ್ ಸಿಗ್ನಲ್, ಟಿಜಿವಿಗೆ ಕೊಂಡಿ ಹಾಕುವ ಏರ್ಪಾಡು ಎಲ್ಲ ಕೊಟ್ಟು ಬಿಬಿ 67200 ಮಾಡಿದರು. ಇನ್ನೊಂದು ಇದಕ್ಕಿಂತ ಸೊಗಸು. ಅಟ್ಲಾಂಟಿಕ್ ತೀರದ ಲೆ ಸಾಬ್ಲ್ ದೊಲಾನ್ ಊರಿಗೆ ನಾಂತ್‌ನಿಂದ ಮುಂದೆ ತಂತಿ ಇರಲಿಲ್ಲ. ಜನ ನೇರ ಟಿಜಿವಿ ಬೇಕು ಅಂದರು. 2000ದ ಆಸುಪಾಸಿನಲ್ಲಿ ಕೆಲವು ವರ್ಷ, ನಾಂತ್‌ನಲ್ಲಿ ಟಿಜಿವಿಯ ಮುಂದೆ ಒಂದು ಸಿಸಿ 72000 ಜೋಡಿಸಿ ಸಮುದ್ರದವರೆಗೆ ಎಳೆದುಕೊಂಡು ಹೋಗುತ್ತಿದ್ದರು. ಗಂಟೆಗೆ 300 ಕಿಲೋಮೀಟರ್ ಓಡುವ ರೈಲು, ಅದರ ಮುಂದೆ ಮೂವತ್ತು ವರ್ಷ ಹಳೆಯ ಡೀಸೆಲ್. 2008ರಲ್ಲಿ ಅಲ್ಲಿಗೂ ತಂತಿ ಬಂತು.

1973ರ ಎಣ್ಣೆ ಬಿಕ್ಕಟ್ಟಿನ ನಂತರ ಫ್ರಾನ್ಸ್ ಕರೆಂಟಿನ ಕಡೆಗೆ ಇನ್ನಷ್ಟು ಗಟ್ಟಿಯಾಗಿ ತಿರುಗಿತು. 1975ರಲ್ಲಿ ಕೊನೆಯ 67400 ಬಂದ ಮೇಲೆ ಮುಖ್ಯ ಮಾರ್ಗಕ್ಕೆ ಹೊಸ ಡೀಸೆಲ್ ಲೋಕೋ ಬರಲು ಮೂವತ್ತು ವರ್ಷ ಹಿಡಿಯಿತು. ಅದು ಗೂಡ್ಸಿಗೆ ಅಂತ 2004ರಲ್ಲಿ ಆಲ್‌ಸ್ಟಮ್ ಮತ್ತು ಸೀಮೆನ್ಸ್‌ಗೆ ಆರ್ಡರ್ ಕೊಟ್ಟ ಬಿಬಿ 75000, ಒಳಗೆ ಜರ್ಮನಿಯ ಎಂಟಿಯು ಎಂಜಿನ್. ಒಳ್ಳೆಯ ಲೋಕೋನೇ. ಆದರೆ ಮುಖ ನೋಡಿ ಇದು ಫ್ರೆಂಚರದ್ದು ಅಂತ ದೂರದಿಂದ ಹೇಳಲು ನನಗೆ ಆಗುವುದಿಲ್ಲ, ಅದೊಂದು ಕೊರತೆ.

ಬಾಸೆಲ್ ಮಾರ್ಗದ ಸಿಸಿ 72100ಗಳು 2017ರಲ್ಲಿ ನಿವೃತ್ತಿಯಾದವು. ಅವುಗಳ ಜಾಗಕ್ಕೆ ಬಂದ ಕೊರಾಡಿಯಾ ಲೈನರ್ ರೈಲುಗಳು ತಂತಿ ಇರುವಲ್ಲಿ ಕರೆಂಟಿನಿಂದಲೂ ಇಲ್ಲದಲ್ಲಿ ಡೀಸೆಲ್ಲಿನಿಂದಲೂ ಓಡುತ್ತವೆ, ಬೇರೆ ಲೋಕೋ ಬೇಕಾಗಿಲ್ಲ. ಪ್ಯಾರಿಸ್ ಕಡೆಯಿಂದ ತಂತಿ ಈಚೆಗೆ ನೊಜಾಂ-ಸುರ್-ಸೇನ್‌ವರೆಗೆ ಬಂದಿದೆ. ಅಲ್ಲಿಂದ ಬೆಲ್ಫೋರ್ ಕಡೆಗೆ ಹೋಗುವ ರೈಲು ಇವತ್ತಿಗೂ ಡೀಸೆಲ್ ಉರಿಸಿಯೇ ಹೋಗುತ್ತಿದೆ.