ಬಡಾವಣೆಯ ಪಾರ್ಕು, ಕಾಲೇಜಿನ ಮಕ್ಕಳು, ಒಣ ಎಲೆ

ಬೆಂಗಳೂರಿನ ಬಡಾವಣೆ ಪಾರ್ಕುಗಳಿಗೆ ವಿದ್ಯಾರ್ಥಿಗಳನ್ನು ಕರೆಯುವುದು ಸಾಮಾನ್ಯವಾಗಿ ಜೂನ್ 5ಕ್ಕೆ, ಗಿಡ ನೆಡಲು. ನವೆಂಬರಿನಲ್ಲೇ ಕರೆಯಿರಿ, ಒಣ ಎಲೆಯನ್ನು ಸುಡದೆ ಗೊಬ್ಬರ ಮಾಡುವ ಕೆಲಸ ಕೊಡಿ ಎನ್ನುವುದು ಈ ಕೆಲಸದಲ್ಲಿರುವ ನಮ್ಮ ಮಾತು. ನೆಟ್ಟ ಗಿಡ ನೆರಳು ಕೊಡಲು ವರ್ಷಗಳು ಬೇಕು. ಎಲೆಗೆ ಬೆಂಕಿ ಹಚ್ಚುವುದು ನಿಂತರೆ ಆ ಹೊಗೆ ಅಂದೇ ನಿಲ್ಲುತ್ತದೆ. ಒಂದು ಕಿಲೋ ಒಣ ಎಲೆ ಸುಟ್ಟರೆ ಹತ್ತಿಪ್ಪತ್ತು ಗ್ರಾಂ ಸೂಕ್ಷ್ಮ ಕಣ ಗಾಳಿಗೆ ಸೇರುತ್ತದೆ, ಅದೂ ಬೆಳಗಿನ ವಾಕಿಂಗ್‌ಗೆ ಬಂದವರ ಮೂಗಿನ ಮಟ್ಟದಲ್ಲೇ.

ನವೆಂಬರ್ ಯಾಕೆಂದರೆ, ಹೊಂಗೆ, ಮಳೆಮರಗಳು ಎಲೆ ಉದುರಿಸುವುದು ಹೆಚ್ಚಾಗಿ ಜನವರಿ ಕೊನೆಯಿಂದ ಮಾರ್ಚ್‌ವರೆಗೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳೂ ಹೆಚ್ಚುಕಡಿಮೆ ಆಗಲೇ. ಎಲೆ ರಾಶಿ ಬೀಳುವಾಗ ಮಕ್ಕಳು ಕೈಗೆ ಸಿಗುವುದಿಲ್ಲ. ಹಾಗಾಗಿ ಡಿಸೆಂಬರ್ ಮುಗಿಯುವುದರೊಳಗೆ ಎಲೆ ತುಂಬುವ ಬಲೆಗೂಡುಗಳು ನಿಂತಿರಬೇಕು. ಫೆಬ್ರವರಿ-ಮಾರ್ಚ್‌ನ ಕೆಲಸವನ್ನು ಎಂಟು, ಒಂಬತ್ತನೇ ತರಗತಿಯವರಿಗೂ ಪದವಿ ಕಾಲೇಜಿನ ಎನ್ಎಸ್ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕಕ್ಕೂ ಹಂಚಿ. ಎನ್ಎಸ್ಎಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ತೋರಿಸಬೇಕು. ವಾರಕ್ಕೆ ಎರಡು ಗಂಟೆಯಂತೆ ಪಾರ್ಕಿನ ಕೆಲಸವನ್ನು ಹಾಜರಿ ಪುಸ್ತಕಕ್ಕೆ ಸೇರಿಸಲು ಕಾರ್ಯಕ್ರಮಾಧಿಕಾರಿ ಒಪ್ಪಿದರೆ, ಹಾಜರಾತಿಯ ಚಿಂತೆ ಮುಕ್ಕಾಲು ಪಾಲು ತೀರಿತು. ಒಂದು ಗೂಡಿಗೆ ಐದು ಜನ, ಅವರಲ್ಲಿ ಇಬ್ಬರಾದರೂ ಹತ್ತಿರದ ಮನೆಯವರು. ದೊಡ್ಡ ಗುಂಪಿಗೆ ಚಿಕ್ಕ ಕೆಲಸ ಕೊಟ್ಟರೆ ಮೂರನೇ ವಾರಕ್ಕೆ ಯಾರೂ ಬರುವುದಿಲ್ಲ.

ಮೊದಲು ಅನುಮತಿ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಐದು ನಗರ ಪಾಲಿಕೆಗಳಿವೆ. ನಿಮ್ಮ ಪಾರ್ಕು ಯಾವುದಕ್ಕೆ ಸೇರಿದೆ ಎಂದು ನೋಡಿಕೊಂಡು ಅಲ್ಲಿನ ತೋಟಗಾರಿಕೆ ವಿಭಾಗಕ್ಕೆ ಒಂದು ಪುಟದ ಪತ್ರ ಕೊಡಿ, ಗೂಡು ಎಲ್ಲಿ ಬರುತ್ತದೆಂಬ ಕೈನಕ್ಷೆ ಜತೆಗಿರಲಿ.

ಅದಕ್ಕಿಂತ ಮುಖ್ಯ, ಪಾರ್ಕಿನ ಮಾಲಿ ಮತ್ತು ರಸ್ತೆ ಗುಡಿಸುವ ಅಕ್ಕನ ಜತೆ ಕೂತು ಮಾತಾಡುವುದು. ಎಲೆ ಸುಡುವುದನ್ನು 2016ರ ಘನತ್ಯಾಜ್ಯ ನಿಯಮಗಳಲ್ಲೇ ನಿಷೇಧಿಸಿದ್ದರು. ಆದರೂ ಬೆಂಕಿ ಬೀಳುವುದು ಯಾಕೆ? ಗುಡ್ಡೆ ಮಾಡಿದ ಎಲೆಯನ್ನು ಗಾಡಿಯವರು ಒಯ್ಯುವುದಿಲ್ಲ, ಮೇಸ್ತ್ರಿ ಬರುವಷ್ಟರಲ್ಲಿ ರಸ್ತೆ ಚೊಕ್ಕಟವಾಗಿರಬೇಕು. ಇದನ್ನು ಅರ್ಥ ಮಾಡಿಕೊಳ್ಳದ ಮಕ್ಕಳು ಫೋಟೊ ತೆಗೆದು ದೂರು ಕೊಡುತ್ತಾರೆ. ಅಲ್ಲಿಂದ ಮುಂದೆ ಬೆಂಕಿ ಮಕ್ಕಳು ಏಳುವ ಮೊದಲೇ ಬೀಳುತ್ತದೆ. ಗೂಡನ್ನು ಪಾರ್ಕಿನ ಹಿಂಮೂಲೆಯಲ್ಲಿ ಬಚ್ಚಿಡಬೇಡಿ. ಆಕೆ ಗುಡಿಸಿ ಮುಗಿಸುವ ಜಾಗದಿಂದ ಮೂವತ್ತು ಹೆಜ್ಜೆಯೊಳಗೆ ಇರಲಿ. "ಅಕ್ಕಾ, ಎಲ್ಲಿಟ್ಟರೆ ನಿಮಗೆ ಅನುಕೂಲ?" ಎಂದು ಆಕೆಯನ್ನೇ ಕೇಳಿ ಜಾಗ ಗೊತ್ತುಮಾಡಿದ ಗೂಡುಗಳೇ ತುಂಬುತ್ತವೆ.

ಗೂಡಿಗೆ ಬೇಕಾದದ್ದು ಕಡಿಮೆ: 4 ಅಡಿ ಎತ್ತರದ ಚೈನ್‌ಲಿಂಕ್ ಜಾಲರಿ ಹದಿಮೂರೂವರೆ ಅಡಿ, ನಾಲ್ಕು ಕಬ್ಬಿಣದ ಗೂಟ, ಕಟ್ಟುತಂತಿ. ದುಂಡಗೆ ಸುತ್ತಿ ಒಂದು ಅಡಿ ಒಂದರ ಮೇಲೊಂದು ಬರುವಂತೆ ಕಟ್ಟಿದರೆ ಸುಮಾರು ನಾಲ್ಕು ಅಡಿ ವ್ಯಾಸ. ಇದಕ್ಕಿಂತ ತೀರಾ ಚಿಕ್ಕದಾದರೆ ರಾಶಿ ಬಿಸಿಯೇರುವುದಿಲ್ಲ. ಮಣ್ಣಿನ ಮೇಲೇ ನಿಲ್ಲಿಸಿ, ಸಿಮೆಂಟ್ ನೆಲ ಬೇಡ. ಮರದ ಬುಡಕ್ಕೂ ಆನಿಸಬೇಡಿ.

ತುಂಬುವಾಗ ಗುಟ್ಕಾ ಚೀಟಿ, ಹಾಲಿನ ಕವರ್ ಆರಿಸಿ ತೆಗೆದು, ಎಲೆಯನ್ನು ಮುಕ್ಕಾಲು ಅಡಿ ಹಾಸಿ ತುಳಿಯಬೇಕು. ಅದರ ಮೇಲೆ 4-5 ಕಿಲೋ ಹಸಿ ಸಗಣಿಯನ್ನು ಒಂದು ಬಕೆಟ್ ನೀರಿಗೆ ಕದಡಿ ಚಿಮುಕಿಸಿ, ಇನ್ನೊಂದು ಬಕೆಟ್ ಬರಿ ನೀರು ಹಾಕಿ. ಹೀಗೆ ಐದು ಪದರ. ಪಾರ್ಕಿನಲ್ಲಿ ಕತ್ತರಿಸಿದ ಹಸಿ ಹುಲ್ಲು ಸಿಕ್ಕರೆ ಮೂರು ಪಾಲು ಎಲೆಗೆ ಒಂದು ಪಾಲು ಸೇರಿಸಿ. ಒಣ ಎಲೆಯಲ್ಲಿ ಸಾರಜನಕ ಕಡಿಮೆ, ಅದನ್ನು ತುಂಬುವುದು ಹುಲ್ಲು ಮತ್ತು ಸಗಣಿ. ಹದಿನೈದು ದಿನಕ್ಕೊಮ್ಮೆ ಗೂಡು ಬಿಚ್ಚಿ, ಹೊರಗಿನದು ಒಳಗೆ ಬರುವಂತೆ ಮಗುಚಿದರೆ ಮೂರು-ನಾಲ್ಕು ತಿಂಗಳಲ್ಲಿ ಗೊಬ್ಬರ. ಮಗುಚದಿದ್ದರೂ ಆಗುತ್ತದೆ, ಎರಡು ಪಟ್ಟು ಸಮಯ ಹಿಡಿಯುತ್ತದೆ.

ಕೆಡುವುದು ಹೆಚ್ಚಾಗಿ ನೀರಿನ ಅಳತೆಯಲ್ಲಿ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದರೆ ಒಂದೆರಡು ಹನಿ ಜಿನುಗಬೇಕು. ಜಿನುಗದಿದ್ದರೆ ಒಣಗಿದೆ, ಧಾರೆಯಾಗಿ ಇಳಿದರೆ ಕೊಳೆಯುತ್ತದೆ. ಕಬ್ಬಿಣದ ಸರಳೊಂದನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಮುಟ್ಟಿ ನೋಡಿ: ಮೊದಲೆರಡು ವಾರ ಕೈ ಸುಡುವಷ್ಟು ಬಿಸಿ ಇರಬೇಕು. ಮೂಗಿಗೆ ಅಮೋನಿಯಾ ಹೊಡೆದರೆ ಹುಲ್ಲು ಜಾಸ್ತಿಯಾಯಿತು, ಎಲೆ ಸೇರಿಸಿ. ಬಿಳಿ ಬೂಷ್ಟು ಕಂಡರೆ ಹೆದರಬೇಡಿ. ಮಾವು, ಹಲಸಿನ ದಪ್ಪ ಎಲೆ, ಬಿದಿರಿನ ಎಲೆ ತಡವಾಗಿ ಕರಗುತ್ತವೆ. ಅವಕ್ಕೆ ಬೇರೆ ಗೂಡು ಇಡಿ. ಅಡುಗೆಮನೆ ಕಸವನ್ನು ಮಾತ್ರ ಯಾರೇ ಹೇಳಿದರೂ ಹಾಕಬೇಡಿ, ಇಲಿ ಬಂದರೆ ಸುತ್ತಲಿನ ಮನೆಯವರೇ ಗೂಡು ಕಿತ್ತುಹಾಕಿಸುತ್ತಾರೆ.

ಗಾಳಿ ಅಳೆಯುವ ಕೆಲಸಕ್ಕೆ ಮಕ್ಕಳು ಮುಗಿಬೀಳುತ್ತಾರೆ, ಅವಸರದ ತೀರ್ಮಾನವೂ ಅಲ್ಲೇ ಹೆಚ್ಚು. ಅಗ್ಗದ ಲೇಸರ್ ಸೆನ್ಸರ್ ಕಣಗಳಿಂದ ಚದುರಿದ ಬೆಳಕನ್ನು ನೋಡುತ್ತದೆ. ಬೆಳಗಿನ ತೇವಕ್ಕೆ ಊದಿಕೊಂಡ ಕಣವೂ ಅದಕ್ಕೆ ದೊಡ್ಡದಾಗೇ ಕಾಣುವುದರಿಂದ ಡಿಸೆಂಬರ್ ಮಂಜಿನಲ್ಲಿ ಅಂಕಿ ಸುಮ್ಮನೆ ಏರುತ್ತದೆ. ಎರಡು ಸೆನ್ಸರ್ ಕೊಂಡು, ಒಂದು ವಾರ ಪಕ್ಕಪಕ್ಕದಲ್ಲಿಟ್ಟು ಅವುಗಳ ನಡುವಿನ ವ್ಯತ್ಯಾಸ ಬರೆದಿಡಿ. ಆಮೇಲೆ ಒಂದನ್ನು ರಸ್ತೆ ಕಡೆಯ ಗೇಟಿಗೆ, ಒಂದನ್ನು ಪಾರ್ಕಿನ ನಡುವೆ, ಆರು ಅಡಿ ಎತ್ತರದಲ್ಲಿ ಕಟ್ಟಿ. ತೇವ ಎರಡಕ್ಕೂ ಒಂದೇ ಆದ್ದರಿಂದ ನಂಬಬೇಕಾದದ್ದು ಅವೆರಡರ ಅಂತರವನ್ನು. ಕಣದ ತೂಕ ಹೇಳುವ ಮೈಕ್ರೊಗ್ರಾಂ ಮತ್ತು ಗಾಳಿಯ ಗುಣಮಟ್ಟದ ಸೂಚ್ಯಂಕವಾದ ಎಕ್ಯುಐ ಕೂಡ ಬೇಗ ಕಲಸಿಹೋಗುತ್ತವೆ. ನಮ್ಮ ದೇಶದ ಲೆಕ್ಕದಲ್ಲಿ 24 ಗಂಟೆಗಳ ಪಿಎಂ 2.5 (2.5 ಮೈಕ್ರಾನ್‌ವರೆಗಿನ ಸೂಕ್ಷ್ಮ ಕಣ) ಮಿತಿ ಘನಮೀಟರಿಗೆ 60 ಮೈಕ್ರೊಗ್ರಾಂ. ಅದಕ್ಕೆ ಎಕ್ಯುಐ 100. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15 ಮೈಕ್ರೊಗ್ರಾಂ. ಪಾರ್ಕು ಊರಿನ ಗಾಳಿಯನ್ನೆಲ್ಲ ತೊಳೆಯುತ್ತದೆ ಎಂದು ಮಕ್ಕಳಿಗೆ ಹೇಳಬೇಡಿ. ಒಳಗೆ ಅಂಕಿ ಇಳಿಯುವುದಕ್ಕೆ ದೊಡ್ಡ ಕಾರಣ ವಾಹನಗಳಿಂದ ದೂರ ಇರುವುದು.

ದಪ್ಪ ಧೂಳಿನ ವಿಷಯ ಬೇರೆ. ಅದು ಹೆಚ್ಚಾಗಿ ಪಾರ್ಕಿನ ಬೋಳು ನೆಲದಿಂದಲೇ ಏಳುತ್ತದೆ. ಗುಡಿಸುವ ಮುನ್ನ ನೀರು ಚಿಮುಕಿಸುವುದು, ಬೋಳು ಜಾಗಕ್ಕೆ ಎರಡು ಇಂಚು ಎಲೆ ಹೊದಿಸುವುದು, ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡುವುದು: ಇಷ್ಟನ್ನು ಚಿಕ್ಕ ಮಕ್ಕಳೂ ಮಾಡಬಲ್ಲರು. ಗೊಬ್ಬರವನ್ನು ಮೇ ಕೊನೆಗೆ ಅರ್ಧ ಇಂಚಿನ ಜರಡಿಯಲ್ಲಿ ಹಾಯಿಸಿ, ಉಳಿದ ತರಿಯನ್ನು ಹೊಸ ಗೂಡಿನ ತಳಕ್ಕೆ ಹಾಕಿ. ಜೂನ್‌ನಲ್ಲಿ ಗಿಡ ನೆಡುವವರು ಬಂದಾಗ ಎರಡಡಿ ಗುಂಡಿಗೆ, ಮೂರು ಪಾಲು ಮಣ್ಣಿಗೆ ಒಂದು ಪಾಲಿನಂತೆ ಕೊಡಿ. ಮುಂದಿನ ಬೇಸಿಗೆಯಲ್ಲಿ ಆ ಗಿಡಕ್ಕೆ ನೀರು ಹಾಕುವ ತಂಡದ ಹೆಸರನ್ನು ಅದೇ ದಿನ ಬರೆಸಿಕೊಳ್ಳಿ.