ಸವೆದ ಅಲಗಿಗೆ ಎಷ್ಟು?

ಬೆಲೆ ಕೇಳಲು ಹೋದರೆ, ಆ ಹಳೆಯ ವಸ್ತುಗಳ ವ್ಯಾಪಾರಿ ಚಾಕುವನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಮೊದಲು ನೋಡಿದ್ದು ಪೆಟ್ಟಿಗೆಯನ್ನು. ಮಕಮಲ್ಲಿನ ಒಳಹಾಸಿನಲ್ಲಿ ಚಾಕುವಿನ ಆಕಾರಕ್ಕೆ ಸರಿಯಾಗಿ ತೋಡಿದ ಗುಣಿ, ಅದರಲ್ಲಿ ಮಲಗಿದ್ದ ಅಲಗು, ಎರಡರ ನಡುವೆ ಒಂದು ಸಂದು. ಆ ಸಂದಿನೊಳಕ್ಕೆ ಕಿರುಬೆರಳು ತೂರಿಸಿ, ನನ್ನ ಮುಖ ನೋಡಿ, "ಇಷ್ಟು ಹೋಗಿದೆ ನೋಡಿ" ಎಂದರು. ಬೆರಳು ಸಲೀಸಾಗಿ ಹಿಡಿಸಿತ್ತು. ವಾರವಿಡೀ ಆ ಬೆರಳೇ ನನ್ನ ಕಣ್ಣ ಮುಂದೆ ಇದೆ.

ಚಿಕ್ಕಪ್ಪನ ಮನೆ ಖಾಲಿ ಮಾಡುವಾಗ ನನ್ನ ಪಾಲಿಗೆ ಬಂದದ್ದು ಈ ಪೆಟ್ಟಿಗೆ. ಬೇಯಿಸಿದ ಮಾಂಸವನ್ನು ಹೋಳು ಮಾಡುವ ಉದ್ದನೆಯ ಚಾಕು, ಎರಡು ಮುಳ್ಳಿನ ಫೋರ್ಕ್, ಮಸೆಯುವ ಉಕ್ಕಿನ ಸರಳು. ಮೂರಕ್ಕೂ ಕೊಂಬಿನ ಹಿಡಿ. ಗೋಡೆ ಗಡಿಯಾರವನ್ನು ತಾನು ಎತ್ತಿಟ್ಟುಕೊಂಡು "ಆ ಚಾಕುಗಳು ನಿನಗಿರಲಿ" ಎಂದು ಔದಾರ್ಯ ತೋರಿದ್ದ ದೊಡ್ಡಪ್ಪನ ಮಗ, ಅಲಗಿನ ಮೇಲೆ ಚಾಕುಗಳಿಗೆ ಹೆಸರಾದ ಇಂಗ್ಲೆಂಡಿನ ಊರು ಶೆಫೀಲ್ಡಿನ ಹೆಸರಿದೆ ಎಂದು ತಿಳಿದದ್ದೇ ತಡ, "ಬೆಲೆ ಗೊತ್ತಾಗಲಿ, ಆಮೇಲೆ ಮಾತನಾಡೋಣ" ಎಂದು ರಾಗ ಬದಲಿಸಿದ. ಅಣ್ಣ ಒಳ್ಳೆಯವನೇ. ಬೆಲೆ ಗೊತ್ತಿಲ್ಲದ ವಸ್ತುಗಳ ವಿಷಯದಲ್ಲಂತೂ ಬಹಳ ಒಳ್ಳೆಯವನು.

ವ್ಯಾಪಾರಿಯ ಬಳಿ ಹೋಗುವ ಮುನ್ನ ನಾನೂ ಒಂದಿಷ್ಟು ಓದಿಕೊಂಡಿದ್ದೆ. ಶೆಫೀಲ್ಡಿನ ಚಾಕು ತಯಾರಕರಿಗೆ 1624ರಿಂದಲೇ ಒಂದು ಸಂಘವಿದೆ. ಯಾರ ಮುದ್ರೆ ಯಾವುದು ಎಂಬ ಲೆಕ್ಕ ಅದರ ದಾಖಲೆಗಳಲ್ಲಿ ಸಿಗುತ್ತದೆ. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ ಜೊತೆಯಾಗಿದ್ದರೆ ಜೋಸೆಫ್ ರಾಜರ್ಸ್, 'ಐ ಎಕ್ಸ್ ಎಲ್' ಎಂದಿದ್ದರೆ ವೊಸ್ಟನ್‌ಹೋಮ್, ಎರಡೂ ಅಲ್ಲಿನ ಹೆಸರಾಂತ ತಯಾರಕರು. ನಮ್ಮದರಲ್ಲಿ ಮುದ್ರೆಯ ಅರ್ಧ ಅಳಿಸಿಹೋಗಿದೆ. ಓದಲು ಬರುವುದು ಊರಿನ ಹೆಸರು, ಅದರ ಕೆಳಗೆ ಇಂಗ್ಲೆಂಡ್ ಎಂಬ ಪದ. ಅಷ್ಟಾದರೂ ಉಳಿದದ್ದು ಉಪಕಾರವಾಯಿತು. ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂದು ಅಮೆರಿಕ 1890ರಲ್ಲಿ ಕಾನೂನು ಮಾಡಿದ ಮೇಲೆ ಈ ಪದ ರೂಢಿಗೆ ಬಂತು. ಲೋಹತಜ್ಞ ಹ್ಯಾರಿ ಬ್ರಿಯರ್ಲಿ ಅದೇ ಶೆಫೀಲ್ಡಿನಲ್ಲಿ ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ದದ್ದು 1913ರಲ್ಲಿ. ನಮ್ಮ ಅಲಗಿಗೆ ಕಪ್ಪು ಕಲೆ ಹತ್ತಿದೆ, ಅಂದರೆ ಹಳೆಯ ಇಂಗಾಲದ ಉಕ್ಕು. ಈ ಎರಡು ಇಸವಿಗಳ ಆಸುಪಾಸಿನಲ್ಲಿ ಹುಟ್ಟಿದ್ದಿರಬೇಕು ಎಂದು ನನ್ನ ಊಹೆ. ವ್ಯಾಪಾರಿಯೂ ತಲೆಯಾಡಿಸಿದರು, ಅಷ್ಟೇನೂ ಉತ್ಸಾಹವಿಲ್ಲದೆ.

ಹಿಡಿಯ ಕೊರಳಿಗೆ ಸುತ್ತಿದ ಪಟ್ಟಿ ಬೆಳ್ಳಿಯದೆಂದು ಮನೆಯವರೆಲ್ಲ ನಂಬಿದ್ದರು. ಭೂತಗನ್ನಡಿಯಲ್ಲಿ ಇಂಗ್ಲೆಂಡಿನಲ್ಲಿ ಅಸಲಿ ಬೆಳ್ಳಿಗೆ ಒತ್ತುವ, ನಡೆಯುವ ಸಿಂಹದ ಗುರುತು ಕಾಣಲಿಲ್ಲ. ಇಪಿಎನ್‌ಎಸ್ ಎಂಬ ಅಕ್ಷರಗಳು ಕಂಡವು. ನಿಕ್ಕಲ್ ಮಿಶ್ರಲೋಹಕ್ಕೆ ಬೆಳ್ಳಿಯ ನೀರು ಕುಡಿಸಿದ್ದು. ಹಿಡಿಗಳನ್ನು ನೋಡಿ ಮಾತ್ರ ವ್ಯಾಪಾರಿ "ದಂತವಲ್ಲ, ಬದುಕಿದಿರಿ" ಎಂದರು. ಆನೆದಂತವಾಗಿದ್ದರೆ ಮಾರುವುದೇ ಕಾನೂನಿನ ತಲೆನೋವು. ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1990ರಿಂದ ನಿಷೇಧವಿದೆ. ಕಡವೆಯ ಕೊಂಬಾದರೂ ಗಡಿ ದಾಟಿಸುವ ಮುನ್ನ ವಿಚಾರಿಸಬೇಕಂತೆ. ಶೆಫೀಲ್ಡಿನವರು ಹಿಡಿಗಳಿಗಾಗಿ ಭಾರತದ ಕಡವೆ ಕೊಂಬನ್ನು ರಾಶಿಗಟ್ಟಲೆ ತರಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಬಿಸಿನೀರಿನಲ್ಲಿ ಅದ್ದಬೇಡಿ, ಒಳಗಿನ ರಾಳ ಕರಗಿ ಹಿಡಿ ಸಡಿಲವಾಗುತ್ತದೆ ಎಂಬ ಎಚ್ಚರಿಕೆಯನ್ನೂ ಕೊಟ್ಟರು. ತಿಳಿದವರು, ಒಪ್ಪುತ್ತೇನೆ. ಆದರೆ ಇಷ್ಟೆಲ್ಲ ಹೇಳುವಾಗಲೂ ಕಿರುಬೆರಳು ಆ ಸಂದಿನಲ್ಲೇ ಇತ್ತು.

"ಒಮ್ಮೆಯೂ ಬಳಸದಿದ್ದರೆ?" ಎಂದು ಕೇಳಿದೆ.

"ಆಗ ಬೇರೆಯೇ ಮಾತು."

ಇದು ನನ್ನನ್ನು ಕೆರಳಿಸಿತು. ಪೆಟ್ಟಿಗೆಯಲ್ಲಿನ ಗುಣಿ ಕಾರ್ಖಾನೆಯಿಂದ ಹೊರಬಿದ್ದ ದಿನದ ಅಲಗಿನ ಅಳತೆ. ಅದರಲ್ಲಿ ಈಗ ಕಾಣೆಯಾಗಿರುವುದಷ್ಟನ್ನೂ ಚಿಕ್ಕಪ್ಪ ಸಾಣೆಕಲ್ಲಿಗೆ ತಿನ್ನಿಸಿದ್ದಾರೆ. ಹೋಳು ಮಾಡುವುದಕ್ಕಿಂತ ಮಸೆಯುವುದೇ ಹೆಚ್ಚು ಎಂದು ಚಿಕ್ಕಮ್ಮ ಗೊಣಗುತ್ತಿದ್ದರು. ಮಾತು ಕಡಿಮೆಯ ಮನುಷ್ಯ, ಮೊಂಡು ಚಾಕುವನ್ನು ಕಂಡರೆ ಮಾತ್ರ ಬೈಯುತ್ತಿದ್ದರು. ಮಸೆದು ಮಸೆದು ಅಗಲದ ಅಲಗನ್ನು ಕಿರಿದಾಗಿಸಿದರು. ಮಾರುಕಟ್ಟೆಯ ಪ್ರಕಾರ ಅದು ನಷ್ಟ. ದೊಡ್ಡಪ್ಪನ ಮನೆಯ ಗಾಜಿನ ಕಪಾಟಿನಲ್ಲಿ ಯಾವ ಅತಿಥಿಗೂ ತೆಗೆಯದ ಪಿಂಗಾಣಿ ಇದೆ, ಬೀಗದ ಕೈ ದೊಡ್ಡಮ್ಮನ ಸೊಂಟದಲ್ಲಿ. ಆ ವ್ಯಾಪಾರಿಯ ಕಣ್ಣಿಗೆ ಆದರ್ಶ ವಾರಸುದಾರರೆಂದರೆ ಅವರೇ. ತಯಾರಿಸಿದವನು ಮಸೆಯುವ ಸರಳನ್ನೂ ಪೆಟ್ಟಿಗೆಯೊಳಗೇ ಇಟ್ಟುಕೊಟ್ಟಿದ್ದಾನಲ್ಲ, ಅವನಿಗೆ ಈ ಲೆಕ್ಕ ಹೇಳಿದರೆ ಏನೆನ್ನುತ್ತಿದ್ದನೋ! ವ್ಯಾಪಾರಿಯನ್ನು ದೂರಿ ಪ್ರಯೋಜನವಿಲ್ಲ. ಕೊಳ್ಳುವವರು ಅಲಗಿನ ಅಗಲ ನೋಡುತ್ತಾರೆ. ಆತ ಅವರ ಪರವಾಗಿ ಬೆರಳಿಟ್ಟು ಅಳೆದರು, ಅಷ್ಟೇ.

ಕೊನೆಗೆ ಹೇಳಿದ ಬೆಲೆ, ಮಾರಾಟದ ಜಾಹೀರಾತುಗಳಲ್ಲಿ ನಾನು ಕಂಡದ್ದಕ್ಕಿಂತ ಎಷ್ಟೋ ಕಡಿಮೆ. ಅದಕ್ಕೂ ಉತ್ತರವಿತ್ತು: ಜಾಹೀರಾತಿನಲ್ಲಿರುವುದು ಮಾರುವವನ ಆಸೆ, ಹರಾಜಿನಲ್ಲಿ ಕೈಬದಲಾದ ಮೊತ್ತವನ್ನು ನೋಡಿ; ವಿಮೆಗೆ ಬರೆಸುವ ಬೆಲೆ ಇನ್ನೂ ಬೇರೆ. ಮೂರನ್ನೂ ಜೊತೆಯಲ್ಲೇ ಇಡಿ, ಬಿಡಿಯಾದರೆ ಕೇಳುವವರಿಲ್ಲ ಎಂದೂ ಸೇರಿಸಿದರು. ಚಾಕು ನಿನಗೆ, ಫೋರ್ಕ್ ನನಗೆ ಎಂಬ ಪಾಲುಗಾರಿಕೆಗೆ ಅಲ್ಲಿಗೆ ತೆರೆಬಿತ್ತು.

ಅಣ್ಣನಿಗೆ ಫೋನ್ ಮಾಡಿ ಮೊತ್ತ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, "ಯಂತ್ರದಲ್ಲಿ ಪಾಲಿಶ್ ಮಾಡಿಸಿದರೆ?" ಎಂದ. ಉಳಿದಿರುವ ಅರ್ಧ ಮುದ್ರೆಯೂ ಹೋಗುತ್ತದೆ ಎಂದೆ. "ಹಾಗಾದರೆ ನೀನೇ ಇಟ್ಟುಕೋ, ಚಿಕ್ಕಪ್ಪನ ನೆನಪಿಗೆ" ಎಂದು ಹಳೆಯ ಔದಾರ್ಯಕ್ಕೆ ಮರಳಿದ. ಆಮೇಲೆ ತಗ್ಗಿದ ದನಿಯಲ್ಲಿ, ಅದೇ ವ್ಯಾಪಾರಿ ಗಡಿಯಾರಗಳನ್ನೂ ನೋಡುತ್ತಾರೆಯೇ ಎಂದು ಕೇಳಿದ. ನೋಡುತ್ತಾರೆ ಎಂದು ಫೋನ್ ಸಂಖ್ಯೆ ಕಳುಹಿಸಿದ್ದೇನೆ. ಆ ಗಡಿಯಾರವನ್ನು ಚಿಕ್ಕಪ್ಪ ಪದೇ ಪದೇ ಬಿಚ್ಚಿ, ಸವೆದ ಹಲ್ಲುಗಾಲಿಗಳ ಜಾಗಕ್ಕೆ ಯಾವುದೋ ಹಳೆಯ ಗಡಿಯಾರದವನ್ನು ಕೂರಿಸಿ ನಡೆಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ವ್ಯಾಪಾರಿಯೇ ಹೇಳಲಿ.