ವಿಮಾನದಲ್ಲಿ ಪ್ರಯಾಣಿಕರ ಕೈಯಲ್ಲಿ ಗನ್ ಇದ್ದಿದ್ದರೆ?

ವಿಮಾನಗಳ ಬಗ್ಗೆ ಬರೆಯುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು. "2001ರ ಸೆಪ್ಟೆಂಬರ್ 11ರಂದು ಪ್ರಯಾಣಿಕರ ಹತ್ತಿರ ಗನ್ ಇದ್ದಿದ್ದರೆ ಅಮೆರಿಕದ ಆ ನಾಲ್ಕು ವಿಮಾನಗಳ ಅಪಹರಣ ಆಗುತ್ತಲೇ ಇರಲಿಲ್ಲ, ಅಲ್ವಾ?"

ನಾನು ಒಪ್ಪುವುದಿಲ್ಲ. ಗನ್ ತರಬಹುದು ಅಂತಾದರೆ ಅಪಹರಣಕಾರ ಚಾಕು ಹಿಡಿದು ಯಾಕೆ ಬರುತ್ತಾನೆ? ಅವನೂ ಗನ್ನೇ ತರುತ್ತಾನೆ. ಮೊದಲ ಗುಂಡು ಯಾವಾಗ ಹಾರುತ್ತದೆ ಅನ್ನುವುದೂ ಅವನೊಬ್ಬನಿಗೇ ಗೊತ್ತು.

ಇದು ಸುಮ್ನೆ ಊಹೆಯಲ್ಲ. 1968ರಿಂದ 1972ರವರೆಗೆ ಅಮೆರಿಕದಲ್ಲಿ ನೂರಕ್ಕೂ ಜಾಸ್ತಿ ಅಪಹರಣ ಯತ್ನಗಳು ನಡೆದವು. ಬಚ್ಚಿಟ್ಟು ಗನ್ ಒಯ್ಯುವುದು ಆಗಲೂ ಅಪರಾಧವೇ. ಆದರೆ ಎಲ್ಲರ ಬ್ಯಾಗನ್ನೂ ತೆಗೆದು ನೋಡುವವರು ಇರಲಿಲ್ಲ. 1973ರ ಜನವರಿ 5ರಿಂದ ಪ್ರತಿಯೊಬ್ಬರ ತಪಾಸಣೆ ಶುರುವಾಯಿತು, ಅಪಹರಣಗಳು ಧಡಾರನೆ ಇಳಿದವು. ಮರುತಿಂಗಳೇ ಕ್ಯೂಬಾ ಜೊತೆ ಒಪ್ಪಂದವಾಗಿ, ಅಲ್ಲಿಗೆ ಓಡುವ ದಾರಿ ಮುಚ್ಚಿದ್ದೂ ನೆರವಾಯಿತು ಅನ್ನಿ.

ತಪಾಸಣೆ ತಪ್ಪಿದರೆ ಏನಾಗುತ್ತದೆ ಅಂತ 1987ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ನೋಡಿತು. ವಿಮಾನ ಕಂಪನಿಯೊಂದು ಕೆಲಸದಿಂದ ತೆಗೆದುಹಾಕಿದ್ದ ನೌಕರ ರಿವಾಲ್ವರ್ ಸಮೇತ ಪಿಎಸ್‌ಎ ಅನ್ನುವ ಕಂಪನಿಯ 1771ನೇ ನಂಬರಿನ ವಿಮಾನ ಹತ್ತಿದ. ಆಗ ನೌಕರರಿಗೆ ತಪಾಸಣೆ ಇರಲಿಲ್ಲ. ತನ್ನನ್ನು ಕೆಲಸದಿಂದ ತೆಗೆದಿದ್ದ ಮೇಲಧಿಕಾರಿಯೂ ಅದೇ ವಿಮಾನದಲ್ಲಿದ್ದರು. ವಾಂತಿ ಚೀಲದ ಮೇಲೆ ಅವರಿಗೊಂದು ಚೀಟಿ ಬರೆದ. ಆಮೇಲೆ ಗುಂಡು ಹಾರಿತು, ಕಾಕ್‌ಪಿಟ್‌ನಲ್ಲೂ ಹಾರಿತು. ವಿಮಾನ ಬಿದ್ದು 43 ಮಂದಿಯೂ ಸತ್ತರು.

ಗನ್ ಬೇಡ ಅನ್ನುವ ನನ್ನ ಕಡೆಯವರೂ ಒಂದು ಸಿನಿಮಾ ಕಥೆ ಹೇಳುತ್ತಾರೆ: ಒಂದು ಗುಂಡು ತಾಗಿದರೆ ವಿಮಾನ ಸಿಡಿದು ಹೋಳಾಗುತ್ತದಂತೆ. ಹಾಗೇನೂ ಇಲ್ಲ. 2008ರಲ್ಲಿ, ಸರ್ಕಾರದ ಅನುಮತಿಯಿಂದಲೇ ಗನ್ ಒಯ್ಯುತ್ತಿದ್ದ ಅಮೆರಿಕದ ಪೈಲಟ್ ಒಬ್ಬರ ಪಿಸ್ತೂಲಿನಿಂದ ಕಾಕ್‌ಪಿಟ್‌ನಲ್ಲೇ ಅಕಸ್ಮಾತ್ ಗುಂಡು ಹಾರಿತು. ವಿಮಾನದ ಮೈಯಲ್ಲಿ ತೂತು ಬಿತ್ತು, ವಿಮಾನ ಸುಸೂತ್ರವಾಗಿ ಇಳಿಯಿತು. ನಿಜವಾದ ಭಯ, ಕಿಕ್ಕಿರಿದ ಕ್ಯಾಬಿನ್‌ನಲ್ಲಿ ಗುರಿ ತಪ್ಪಿದ ಗುಂಡು ಪಕ್ಕದ ಸೀಟಿನವರಿಗೆ ತಾಗುವುದು.

ಹಾಗಾದರೆ 2001ರಲ್ಲಿ ಸೋತದ್ದು ಯಾವುದು? ಕಾಕ್‌ಪಿಟ್ ಬಾಗಿಲು ದುರ್ಬಲವಾಗಿತ್ತು. ಅಪಹರಣಕಾರ ಹೇಳಿದಂತೆ ಕೇಳಿ, ವಿಮಾನ ಇಳಿಸಿ ಮಾತಾಡಿ ಅನ್ನುವುದೇ ಸಿಬ್ಬಂದಿಗೆ ಕೊಟ್ಟಿದ್ದ ತರಬೇತಿ. ನಾಲ್ಕನೇ ವಿಮಾನದವರು ಫೋನಿನಲ್ಲಿ ಸುದ್ದಿ ತಿಳಿದ ಕೂಡಲೇ ಗನ್ ಇಲ್ಲದೆಯೇ ಮೇಲೆ ಬಿದ್ದರು. ಮೂರು ತಿಂಗಳಾದ ಮೇಲೆ, ಶೂನಲ್ಲಿ ಬಾಂಬ್ ಇಟ್ಟುಕೊಂಡಿದ್ದ ರಿಚರ್ಡ್ ರೀಡ್‌ನನ್ನು ಪ್ರಯಾಣಿಕರೂ ಸಿಬ್ಬಂದಿಯೂ ಹಿಡಿದು, ಕೈಗೆ ಸಿಕ್ಕಿದ್ದರಲ್ಲೇ ಕಟ್ಟಿಹಾಕಿದರು.

ಈಗಿನ ಗಟ್ಟಿ ಬಾಗಿಲಿಗೂ ಬೆಲೆ ತೆತ್ತಿದ್ದೇವೆ. 2015ರಲ್ಲಿ ಜರ್ಮನ್‌ವಿಂಗ್ಸ್‌ನ ಸಹ ಪೈಲಟ್ ಕ್ಯಾಪ್ಟನ್‌ನನ್ನು ಹೊರಗಿಟ್ಟು ಒಳಗಿನಿಂದ ಬಾಗಿಲು ಹಾಕಿಕೊಂಡ. ವಿಮಾನವನ್ನು ಬೆಟ್ಟಕ್ಕೆ ಅಪ್ಪಳಿಸಿದ, 150 ಜನ ಸತ್ತರು. ಅಲ್ಲಿ ಕ್ಯಾಪ್ಟನ್ ಕೈಯಲ್ಲಿ ಗನ್ ಇದ್ದಿದ್ದರೂ ಪ್ರಯೋಜನ ಆಗುತ್ತಿತ್ತಾ? ಆ ಬಾಗಿಲನ್ನು ಮಾಡಿರುವುದೇ ಗುಂಡು ತಡೆಯುವ ಹಾಗೆ.